ಅಪ್ಪನ ಮೂರನೇ ಗುಂಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಆಗಲೇ ಗುಡುಗುತ್ತಿವೆ. ಇಸ್ತ್ರಿ ಮೇಜಿನ ಮುಂದೆ ನಿಂತ ಹೆಂಗಸು ಚಾದರವೊಂದನ್ನು ಕೊಡವಿ ಹರಡುತ್ತಾರೆ. ಉಗಿಗೆ ಕಣ್ಣು ಕಿರಿದು ಮಾಡಿ, ಬಂದವರನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಾರೆ.

"ಪತ್ರಿಕೆಯವರು ಅಂತೀರಿ. ನನ್ನ ಬಗ್ಗೆ ಬರೀರಿ ಅಂತ ನಿಮಗ್ಯಾರು ಹೇಳಿದ್ದು? ನಮ್ಮ ಸೂಪರ್‌ವೈಸರಾ?"

ಅಲ್ಲವೆಂದರೂ ನಂಬುವುದಿಲ್ಲ. ನಂಬದಿರುವುದಕ್ಕೆ ಅವರಿಗೆ ಕಾರಣವಿದೆ.

ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಚಾದರ, ಅದರ ಮೇಲೆ ದಾದಿಯರ, ಡಾಕ್ಟರುಗಳ ಕೋಟುಗಳು ಇವರ ಕೈಯಲ್ಲಿ ಹಾದುಹೋಗುತ್ತವೆ. ಸಂಜೆಯ ಹೊತ್ತಿಗೆ ಸೊಂಟ ತನ್ನದಲ್ಲ ಅನ್ನಿಸುತ್ತದೆ. ಎರಡು ವರ್ಷದ ಹಿಂದೆ ಒಂದು ದಿನ, ಗುಂಡಿ ಕಿತ್ತುಹೋದ ಕೋಟೊಂದು ಮೇಜಿಗೆ ಬಂತು. ಆ ಜಾಗವನ್ನು ಅಂಗೈಯಿಂದ ಸವರುತ್ತಿದ್ದಂತೆ ತೀರಿಹೋದ ಅಪ್ಪ ನೆನಪಾದರು. ವಾರ್ಡಿನ ಚೀಟಿಯ ಹಿಂಬದಿಗೆ ಬರೆದುಕೊಂಡರು:

ಅಪ್ಪನ ಅಂಗಿಗೆ ಮೂರನೇ ಗುಂಡಿ ಇರಲಿಲ್ಲ
ಅಲ್ಲಿ ಅವನ ಕೈ ಇರುತ್ತಿತ್ತು
ಬಂದವರೆಲ್ಲ ಅಂದರು: ಎಂಥ ವಿನಯ!

ಅಲ್ಲಿಂದ ಬರೆಯುವ ಚಾಳಿ ಅಂಟಿತು. ತಂಗಳನ್ನ, ಮಗಳ ಹರಿದ ಚಪ್ಪಲಿ, ಗಂಡನ ಗೊರಕೆ, ಎಲ್ಲವೂ ಚೀಟಿಗೆ ಇಳಿದವು. ಬರೆದದ್ದನ್ನು ಸೆರಗಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಅದೇ ತಪ್ಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತಡವಾಗಿ ಬರುವವರು, ಬೇಗ ಜಾರಿಕೊಳ್ಳುವವರು ಎಲ್ಲರೂ ಇವಳು ನಮ್ಮ ಮೇಲೆ ಚಾಡಿ ಬರೆಯುತ್ತಿದ್ದಾಳೆ ಅಂದುಕೊಂಡರು. ಅದೇ ತಿಂಗಳು ಹೊಸ ಚಾದರಗಳ ಗಂಟೊಂದು ಕಾಣೆಯಾಯಿತು. ಇವಳ ಚೀಟಿ ನೋಡಿ ಎಂದು ಯಾರೋ ಕಿವಿ ಕಚ್ಚಿದರು. ಸೂಪರ್‌ವೈಸರ್ ಚೀಟಿ ಕಿತ್ತುಕೊಂಡರು.

"'ಮೂರನೇ ಗುಂಡಿ' ಅಂದ್ರೇನು, ಮೂರನೇ ವಾರ್ಡಾ ಅಂದ್ರು. 'ಕೈ ಇರುತ್ತಿತ್ತು' ಅಂತಿದೆ, ಯಾರ ಕೈವಾಡ ಅಂದ್ರು. ಅಯ್ಯೋ ಸಾರ್, ಅದು ನಮ್ಮಪ್ಪ ಅಂದೆ. ಓಹೋ, ಅಪ್ಪನೂ ಇದರಲ್ಲಿ ಸೇರಿದಾನಾ ಅಂದ್ರು!" ಈಗ ನಗುತ್ತಾರೆ. ಅವತ್ತು ನಗು ಬಂದಿರಲಿಲ್ಲ. ಇಸ್ತ್ರಿ ಬಿಡಿಸಿ, ರಕ್ತ ಮೆತ್ತಿದ ಬಟ್ಟೆ ವಿಂಗಡಿಸುವ ಕೆಲಸಕ್ಕೆ ಹಾಕಿದರು. ಜೊತೆಯವರು ಪಕ್ಕದಲ್ಲಿ ಕೂತು ಉಣ್ಣುವುದನ್ನೂ ಬಿಟ್ಟರು.

ಕೊನೆಗೆ ಚಾದರಗಳು ಹೆರಿಗೆ ವಾರ್ಡಿನ ಬೀರುವಿನಲ್ಲೇ ಸಿಕ್ಕವು. ಇವರನ್ನು ಮೇಜಿಗೆ ವಾಪಸು ಕಳಿಸಿದರು. ತಪ್ಪಾಯಿತು ಅಂತ ಯಾರೂ ಅನ್ನಲಿಲ್ಲ.

ಅಷ್ಟರಲ್ಲಿ ಯಾರೋ ತೆಗೆದ ಚೀಟಿಯ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರಿ ಅಕ್ಕನನ್ನು ಮುಟ್ಟಿತ್ತು. ತಾಯಿಯಿಲ್ಲದ ತಂಗಿಯನ್ನು ಸಾಕಿದ ಅಕ್ಕ. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರಂತೆ: "ಅಪ್ಪನ ಮಾನ ಬೀದಿಗಿಟ್ಟೆಯಲ್ಲೇ! ಆ ಗುಂಡಿ ನಾನೇ ಹೊಲಿದುಕೊಟ್ಟಿದ್ದೆ. ಆಮೇಲೂ ಅಪ್ಪ ಕೈನ ಅಲ್ಲೇ ಇಟ್ಕೋತಿದ್ರು. ಅದು ವಿನಯಾನೇ ಕಣೇ."

"ನಿಜವಾಗ್ಲೂ ಹೊಲಿದಿದ್ಲೋ, ಅಪ್ಪನ ಮಾನ ಉಳಿಸೋಕೆ ಹಾಗಂದ್ಲೋ, ನನಗೆ ಈಗ್ಲೂ ಅನುಮಾನ," ಎಂದು ಇವರು ಇಸ್ತ್ರಿಪೆಟ್ಟಿಗೆಯನ್ನು ಎತ್ತಿಡುತ್ತಾರೆ. "ಆದ್ರೂ ಅವಳ ಮಾತನ್ನ ನನ್ನ ಸಾಲಿನ ಕೆಳಗೆ ಹಾಗೇ ಬರೆದೆ. ನನ್ನ ಅಪ್ಪನೂ ಇರಲಿ, ಅವಳ ಅಪ್ಪನೂ ಇರಲಿ."

ಆಸ್ಪತ್ರೆಯ ವಾರ್ಷಿಕ ಸಂಚಿಕೆಗೆ ಕವಿತೆ ಕೊಡಿ ಎಂದು ಸೂಪರ್‌ವೈಸರ್ ಮೊನ್ನೆ ಕೇಳಿದರಂತೆ. ಇವರು ಇನ್ನೂ ಹೂಂ ಅಂದಿಲ್ಲ. ಪುಸ್ತಕ ಮಾಡುವ ಆಸೆ ಇಲ್ಲವೇ ಎಂದರೆ ತಲೆ ಅಲ್ಲಾಡಿಸುತ್ತಾರೆ.

"ಅಕ್ಕ ಈಗ ಮನೆಗೆ ಬಂದ್ರೆ ಅರ್ಧ ಮಾತು ನುಂಗಿಕೊಳ್ತಾಳೆ, ಎಲ್ಲಿ ಬರೆದುಬಿಡ್ತೀನೋ ಅಂತ. ಅಮ್ಮನ ಮುಖ ನನಗೆ ನೆನಪಿಲ್ಲ, ಅವಳಿಗಿದೆ. ಒಂದಿನ ಪಕ್ಕದಲ್ಲಿ ಕೂತು ಎಲ್ಲಾ ಹೇಳಲಿ ಸಾಕು. ಬರೀಬೇಡ ಅಂದ್ರೆ, ಆಣೆಗೂ ಬರೆಯಲ್ಲ."