ಐರಿಷ್ ಆಂಟಿ ಕಲಿಸಿದ ವಾಕ್ಯ

ಮೊನ್ನೆ ಪ್ಲೇನ್‌ಫೀಲ್ಡಿನ ಬೇಕರಿಯಲ್ಲಿ ಶಾಜೀರಿಗೆ ಹಾಕಿದ ಬ್ರೆಡ್ಡಿನ ವಾಸನೆ ಬಂತು. ಶಿಕಾಗೋ ಬಳಿಯ ಡೌನರ್ಸ್ ಗ್ರೋವ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಐರಿಷ್ ಆಂಟಿಯ ಅಡುಗೆಮನೆ... ಆ ವಾಸನೆ ಅಲ್ಲಿ ನಿಜಕ್ಕೂ ಇತ್ತೋ, ಈಗ ನಾನೇ ಸೇರಿಸುತ್ತಿದ್ದೇನೋ.

ತೊಂಬತ್ತರ ದಶಕದ ಕೊನೆ. ಆಂಟಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದರು. ವೀಸಾ ಎಂದೋ ಮುಗಿದಿತ್ತು. ಐರಿಷ್ ಭಾಷೆ ಮಾತಾಡಲು ಅವರಿಗಿದ್ದವಳು ಐರ್ಲೆಂಡಿನ ಊರಿನಲ್ಲಿದ್ದ ಅಕ್ಕ ಒಬ್ಬಳೇ, ಅದೂ ಫೋನಿನಲ್ಲಿ. ಅಕ್ಕ ಹಾಸಿಗೆ ಹಿಡಿದ ಮೇಲೆ ನನಗೆ ಕಲಿಸತೊಡಗಿದರು.

ದೇಶದ ಹೆಸರಿನ ಕೊನೆಗೆ 'ಅಖ್' ಬಂದರೆ ಅಲ್ಲಿಯವರು. ಏರನಖ್, ಐರಿಷ್ ವ್ಯಕ್ತಿ. ಇಂಡಿಯಖ್, ನಾನು. ಹಲವರಾದರೆ 'ಅಖ್' ಕರಗಿ 'ಈ' ಆಗುತ್ತದೆ: ಏರನೀ. ಕೊನೆ ಮಾತ್ರವಲ್ಲ, ಮೊದಲೂ ಬದಲಾಗುತ್ತದೆ. ಮೆರಿಕಾನಖ್ ಎಂದರೆ ಅಮೆರಿಕನ್. ಅದಕ್ಕೆ ಮೊದಲು 'ನನ್ನ' ಬಂದರೆ ವೆರಿಕಾನಖ್.

"ಫ್ರಾಂಕಖ್ ಅಂದ್ರೆ ಫ್ರಾನ್ಸಿನವನು, ಹೆಗ್ಗಣವೂ ಹೌದು. ಯಾರಿಗೂ ಹೇಳ್ಬೇಡ," ಎಂದು ನಗುತ್ತಿದ್ದರು.

ಅಕ್ಕನಿಗೆ ಇನ್ನು ಹೆಚ್ಚು ದಿನವಿಲ್ಲವೆಂದು ಫೋನ್ ಬಂತು. ಆಂಟಿ ಊರಿಗೆ ಹೊರಟುನಿಂತರು. ನನ್ನ ಗಂಡ ಗಾಬರಿಯಾದರು.

"ಬೇಡ ಅಂತ ಹೇಳು ಅವರಿಗೆ. ವೀಸಾ ಮುಗಿದ್ಮೇಲೂ ಇದ್ದೋರು ಒಂದ್ಸಲ ಹೋದ್ರೆ ಹತ್ತು ವರ್ಷ ವಾಪಸ್ ಬಿಡಲ್ಲ. ನೀನೂ ಅವರನ್ನ ಏರ್‌ಪೋರ್ಟಿಗೆ ಬಿಡೋಕೆ ಹೋಗ್ಬೇಡ. ನಮ್ದೇ ಗ್ರೀನ್ ಕಾರ್ಡ್ ಅಪ್ಲೈ ಮಾಡಿದೀವಿ, ಗೊತ್ತಲ್ಲ?"

ನಾನೇ ಓಹೇರ್ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದೆ. ದಾರಿಯುದ್ದಕ್ಕೂ ಆಂಟಿ ನನ್ನಿಂದ ಪಾಠ ಒಪ್ಪಿಸಿಕೊಂಡರು. ಸುಮ್ಮನಿದ್ದರೆ ಕಾರು ತಿರುಗಿಸು ಎಂದುಬಿಡುತ್ತಾರೇನೋ ಎಂದು ನನಗೂ ಭಯ. ಹಿಂದೆ ಪೊಲೀಸ್ ಕಾರು ಕಂಡಾಗ ಮಾತ್ರ ಇಬ್ಬರೂ ಬಾಯಿ ಮುಚ್ಚಿದೆವು. ಇಳಿದ ಮೇಲೆ ಅವರು ತಿರುಗಿ ನೋಡಿದರು ಎಂದು ಬರೆಯುವ ಆಸೆ. ನೋಡಿರಲಿಕ್ಕಿಲ್ಲ...

ಆ ವಾರವೇ ಫೋನ್ ಮಾಡಿದರು. "ಅಕ್ಕ ಇನ್ನೂ ಇದಾಳೆ! ಏನಾದ್ರೂ ಹೇಳು ಅವಳಿಗೆ."

"ಇಸ್ ಇಂಡಿಯಖ್ ಮೇ," ಎಂದೆ. ನಾನು ಇಂಡಿಯನ್. ಅತ್ತ ಕ್ಷೀಣವಾದ ನಗು.

"ಪಕ್ಕದ ಬೀದಿಯವಳ ಹಾಗೆ ಮಾತಾಡ್ತಾಳೆ ಅಂತಿದಾಳೆ," ಎಂದರು ಆಂಟಿ.

ಹತ್ತು ವರ್ಷ ಕಳೆಯಿತು. ಆಂಟಿ ಬರಲಿಲ್ಲ, ಅವರೂ ತೀರಿಕೊಂಡ ಸುದ್ದಿ ಬಂತು. ಅಷ್ಟರಲ್ಲಿ ನಾನು ಬಲಗೈ ಎತ್ತಿ ಪ್ರಮಾಣ ಮಾಡಿ ಅಮೆರಿಕನ್ ಆಗಿದ್ದೆ.

ಬೇಕರಿಯ ಸಾಲಿನಲ್ಲಿ 'ನಾನು ಅಮೆರಿಕನ್' ಎಂಬ ಹೊಸ ವಾಕ್ಯವನ್ನು ಐರಿಷ್ ಭಾಷೆಯಲ್ಲಿ ಮೆಲ್ಲಗೆ ಹೇಳಿನೋಡಿದೆ. ಮೆರಿಕಾನಖ್... ವೆರಿಕಾನಖ್... ಯಾವುದು? ಇನ್ನೊಮ್ಮೆ ಹೇಳಿದೆ. ತಿದ್ದುವವರೂ ಇಲ್ಲ, ನಗುವವರೂ ಇಲ್ಲ.