ಬೆಂಗಳೂರಿಗೆ ಹೋಗಿ ಚಾ ಕುಡಿದು ಬರುವ ತಯಾರಿ

ನನ್ನ ಬೈಕು ನೂರು ಸಿಸಿಯದು. ಹಾಲಿನ ಕ್ಯಾನು ಕಟ್ಟಿಕೊಂಡು ಹಳ್ಳಿಯಿಂದ ಹುಬ್ಬಳ್ಳಿಗೆ ಬರುವವರು, ಹೆಂಡತಿ ಮಕ್ಕಳನ್ನು ಹಿಂದೆ ಮುಂದೆ ಕೂರಿಸಿಕೊಂಡು ಮದುವೆಗೆ ಹೋಗುವವರು ಓಡಿಸುವಂಥದು. ಇದರ ಮೇಲೆ ಕುಳಿತು ಹುಬ್ಬಳ್ಳಿಯಿಂದ ಹೊರಟು ಒಂದು ಹಗಲು ಒಂದು ರಾತ್ರಿಯೊಳಗೆ ಬೆಂಗಳೂರು ಮುಟ್ಟಿ ವಾಪಸ್ ಬರಬೇಕೆಂದು ನಾನೂ ನನ್ನ ಗೆಳೆಯನೂ ಹೆಸರು ಕೊಟ್ಟಿದ್ದೆವು. ಸಣ್ಣ ಎಂಜಿನ್ನಿನ ಗಾಡಿಯವರ ಒಂದು ಗುಂಪು ಇಂಥ ಓಟಗಳನ್ನು ನಡೆಸುತ್ತದೆ. ಮೊದಲು ಬಂದವರಿಗೆ ಬಹುಮಾನವೇನಿಲ್ಲ. ವೇಳೆಯೊಳಗೆ ಬಂದರೆ ಸಾಕು. ಆದರೆ ಜೋಡಿಯಾಗಿ ಹೊರಟವರು ಜೋಡಿಯಾಗಿಯೇ ಬರಬೇಕು. ಒಬ್ಬ ನಿಂತರೆ ಇನ್ನೊಬ್ಬನ ಓಟವೂ ಲೆಕ್ಕಕ್ಕಿಲ್ಲ.

“ಬೆಂಗಳೂರಾಗ ಏನ್ ಕೆಲಸ ಐತ್ರಿ?” ಎಂದು ಹೆಂಡತಿ ಕೇಳಿದಳು.

“ಕೆಲಸ ಏನಿಲ್ಲ. ಹೋಗಿ, ಒಂದು ಚಾ ಕುಡದು, ಬರೂದು.”

“ಚಾ ಇಲ್ಲೇ ಐತಲ್ರಿ,” ಎಂದು ಅವಳು ಕಪ್ಪನ್ನು ನನ್ನ ಮುಂದೆ ಇಟ್ಟಳು. ನಾನು ಅದನ್ನು ಕುಡಿದೆ, ಕೊಟ್ಟ ಹೆಸರನ್ನು ಮಾತ್ರ ವಾಪಸ್ ಪಡೆಯಲಿಲ್ಲ.

ನಾನು ನ್ಯಾಯಾಲಯದಲ್ಲಿ ಬೆರಳಚ್ಚುಗಾರ. ಸಾಕ್ಷಿಗಳು ಹೇಳಿದ್ದನ್ನು ಟೈಪು ಮಾಡುತ್ತಲೇ ನನ್ನ ಕೂದಲು ಬೆಳ್ಳಗಾಗಿದೆ. ಅಪಘಾತದ ಪ್ರಕರಣಗಳಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’ ಎಂಬ ಮಾತನ್ನು ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಹೊಡೆದುಬಿಡುತ್ತವೆ. ಗೆಳೆಯ ಮಾರುಕಟ್ಟೆಯಲ್ಲಿ ಹತ್ತಿ, ಕಾಳುಗಳನ್ನು ಕಮಿಶನ್ನಿಗೆ ಮಾರಿಸುವ ಅಡತಿ ವ್ಯಾಪಾರಿ. ಶಾಲೆಯಿಂದಲೂ ನಾವು ಜೊತೆಗಾರರು. ಅವನು ಯಾವಾಗಲೂ ಮುಂದಿನ ಸಾಲಿನಲ್ಲಿ ನುಗ್ಗುವವನು. ನಾನು ಹಿಂದೆ ನಿಂತು, ನುಗ್ಗಿದ್ದರಿಂದ ಏನಾಯಿತು ಎಂದು ನೋಡುವವನು.

ಅಭ್ಯಾಸಕ್ಕೆಂದು ಹೊರಟ ಮೊದಲ ಬೆಳಿಗ್ಗೆಯೇ ಅವನು ಬಿದ್ದ. ಗಬ್ಬೂರ ದಾಟಿ ಸ್ವಲ್ಪ ಮುಂದೆ, ಹೆದ್ದಾರಿ ಅಗಲ ಮಾಡಲೆಂದು ಅಂಚಿನುದ್ದಕ್ಕೂ ಜಲ್ಲಿಯ ಖಡಿ ಸುರಿದ ಜಾಗ. ಅವನು ಮುಂದೆ, ನಾನು ಹಿಂದೆ. ಅವನ ಮುಂದೆ ಒಂದು ಲಾರಿ. ನೋಡಿದ್ದನ್ನು ನೋಡಿದ ಕ್ರಮದಲ್ಲಿಯೇ ಬರೆಯುತ್ತೇನೆ. ಅವನು ಹ್ಯಾಂಡಲ್ಲಿಗೆ ಹೊಸದಾಗಿ ಹಾಕಿಸಿದ್ದ ಮೊಬೈಲ್ ಸ್ಟ್ಯಾಂಡು ಸಡಿಲಾಗಿ ಕೆಳಕ್ಕೆ ತಿರುಗಿತು. ಅವನು ಎಡಗೈಯಿಂದ ಅದನ್ನು ಮೇಲಕ್ಕೆ ತಿರುಗಿಸಿದ. ಅದು ಮತ್ತೆ ತಿರುಗಿತು. ಅವನು ಮತ್ತೆ ಬಗ್ಗಿದ. ಲಾರಿಯ ಹಿಂದಿನ ಕೆಂಪು ದೀಪ ಹತ್ತಿತು. ಅವನು ತಲೆ ಎತ್ತಿ, ಗಾಡಿಯನ್ನು ಲಾರಿಯ ಎಡಕ್ಕೆ ಹೊರಳಿಸಿದ. ಖಡಿಯ ಮೇಲೆ ಚಕ್ರ ಜಾರಿತು. ಗಾಡಿ ಎಡಕ್ಕೆ ಹೋಯಿತು, ಅವನು ಬಲಕ್ಕೆ ಬಂದು ಬಿದ್ದ. ಲಾರಿಯ ಹಿಂದಿನ ಗಾಲಿ ಇನ್ನೂ ಉರುಳುತ್ತಿತ್ತು. ಅದು ಅವನ ಹೆಲ್ಮೆಟ್ಟಿನಿಂದ ಒಂದು ಗೇಣು ಆಚೆಗೆ ಹಾದು, ನಂತರ ನಿಂತಿತು.

ಯಾರದೂ ಅತಿವೇಗವಿರಲಿಲ್ಲ. ಲಾರಿಯವನು ಇಳಿದು ಬಂದು ಗೆಳೆಯನನ್ನು ಎಬ್ಬಿಸಿ ಕೂರಿಸಿ ನೀರು ಕುಡಿಸಿದ. ಆಮೇಲೆ ನನ್ನ ಮುಖ ನೋಡಿ, ಉಳಿದ ನೀರನ್ನು ನನಗೆ ಕೊಟ್ಟ.

ಗೆಳೆಯನ ಹೆಗಲಿನ ಎಲುಬು ಮುರಿದಿತ್ತು. ಬೇರೇನೂ ಆಗಿರಲಿಲ್ಲ. ಬಿದ್ದದ್ದರ ನೆನಪೂ ಅವನಿಗಿರಲಿಲ್ಲ. ಗಬ್ಬೂರಿನವರೆಗೆ ಬಂದದ್ದು ಗೊತ್ತು, ಆಮೇಲೆ ದವಾಖಾನೆಯ ಫ್ಯಾನು ಗೊತ್ತು. ನಡುವಿನ ಖಾಲಿ ಜಾಗಕ್ಕೆ ಅವನು ಒಂದು ಎಮ್ಮೆಯನ್ನು ತಂದು ನಿಲ್ಲಿಸಿದ. ಕೈಗೆ ಜೋಳಿಗೆ ಕಟ್ಟಿಕೊಂಡೇ ಅಂಗಡಿಯ ಗಾದಿಯ ಮೇಲೆ ಕುಳಿತು, ಎಮ್ಮೆ ಹೇಗೆ ಅಡ್ಡ ಬಂತು, ಅದನ್ನು ಉಳಿಸಲು ತಾನು ಹೇಗೆ ಗಾಡಿಯನ್ನು ಹೊರಳಿಸಿದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನಾನು ಅಲ್ಲಿಯೇ ಕುಳಿತು ತಲೆಯಾಡಿಸುತ್ತಿದ್ದೆ. ಇಷ್ಟು ವರ್ಷ ಸುಳ್ಳು ಸಾಕ್ಷಿಗಳನ್ನು ಟೈಪು ಮಾಡಿದವನಿಗೆ ಒಂದು ಎಮ್ಮೆ ಭಾರವಾಗಬಾರದು.

ನನ್ನ ಅಂಗಿಯ ಒಂದು ಗುಂಡಿ ಕೂಡ ಕಿತ್ತಿರಲಿಲ್ಲ. ಆದರೆ ಅಂದಿನಿಂದ ಮುಂದೆ ಲಾರಿ ಕಂಡರೆ ನನ್ನ ಬಲಗೈ ತಾನಾಗಿಯೇ ಬ್ರೇಕು ಹಿಡಿಯುತ್ತಿತ್ತು. ಲಾರಿ ನಿಂತದ್ದಾದರೂ ಸರಿ, ಗ್ಯಾರೇಜಿನಲ್ಲಿ ಗಾಲಿ ಬಿಚ್ಚಿಟ್ಟದ್ದಾದರೂ ಸರಿ. ಗೋಪನಕೊಪ್ಪದ ಮನೆಯಿಂದ ಕೋರ್ಟಿಗೆ ಓಣಿ ಓಣಿ ಸುತ್ತಿ ಹೋಗತೊಡಗಿದೆ. ಬಿದ್ದವನು ದಿನವೂ ಫೋನು ಮಾಡಿ, ಎಲುಬು ಕೂಡುವುದರೊಳಗೆ ಓಟದ ದಿನ ಬಂದುಬಿಡುತ್ತದೆಯೋ ಏನೋ ಎಂದು ಒದ್ದಾಡುತ್ತಿದ್ದ. ಅದು ಬಂದುಬಿಡಲಿ ಎಂದು ನಾನು ಒಳಗೊಳಗೇ ಹಾರೈಸುತ್ತಿದ್ದೆ. ಬಿದ್ದವನು ನೀನು, ಅಂಜಿದವನು ನಾನು ಎಂದು ಅವನಿಗೆ ಹೇಗೆ ಹೇಳುವುದು? ಆದ್ದರಿಂದ ಹೇಳುವ ಬದಲು ಗಾಡಿಯ ತಯಾರಿಗೆ ಇಳಿದೆ. ಗಾಡಿ ತಯಾರಾಗದಿದ್ದರೆ ಹೋಗುವ ಪ್ರಶ್ನೆಯೇ ಇಲ್ಲ.

ತಯಾರಿ ಎಂದರೆ ಒಂದು ಸಮುದ್ರ. ಎಣ್ಣೆ ಬದಲಿಸಿದೆ. ಎಣ್ಣೆ ಸರಿಯಿದೆಯೋ ನೋಡಲು ಮತ್ತೆ ಬದಲಿಸಿದೆ. ಚೈನು, ಪ್ಲಗ್ಗು, ಏರ್ ಫಿಲ್ಟರ್ ಹೊಸದಾದವು. ದಾರಿಯಲ್ಲಿ ಕ್ಲಚ್ ಕೇಬಲ್ ಕಡಿದರೆ ತಕ್ಷಣ ಸಿಗಲೆಂದು ಹಳೆಯ ಕೇಬಲ್ಲಿನ ಪಕ್ಕದಲ್ಲಿಯೇ ಇನ್ನೊಂದನ್ನು ಹಾಯಿಸಿ ಟೇಪು ಸುತ್ತಿಸಿದೆ. ಸೀಟಿನ ಸ್ಪಂಜು ತೆಗೆಸಿ ದಪ್ಪ ಸ್ಪಂಜು ಹಾಕಿಸಿದೆ, ಅದರಿಂದ ಕಾಲು ನೆಲಕ್ಕೆ ಎಟಕದಾಯಿತು, ಸ್ವಲ್ಪ ಕೆತ್ತಿಸಿದೆ, ಕೆತ್ತಿದ್ದು ಒಂದು ಬದಿಗೆ ಹೆಚ್ಚಾಗಿ, ನಾನು ಯಾರದೋ ಮಾತನ್ನು ಕದ್ದು ಕೇಳುವವನ ಹಾಗೆ ವಾಲಿ ಕೂರುವಂತಾಯಿತು. ಅದರ ಮೇಲೆ ಕಂಬಳಿ ಮಡಿಸಿ ಕಟ್ಟಿದೆ. ಹಿಂದೆ ಪೆಟ್ರೋಲಿನ ಡಬ್ಬಿ, ಹೆಚ್ಚಿನ ಟ್ಯೂಬು, ಗಾಳಿ ಹಾಕುವ ಪಂಪು, ಮಳೆಯಂಗಿ ಬಂದವು.

ಗೋಕುಲ ರಸ್ತೆಯ ಗ್ಯಾರೇಜಿನ ಮಿಸ್ತ್ರಿ ನನ್ನನ್ನು ಕಂಡರೆ ಎದ್ದು ನಿಲ್ಲುವಷ್ಟು ಪರಿಚಿತನಾದ. “ಇನ್ನೇನರೆ ಹಾಕಿಸೂದೈತೇನ್ರಿ?” ಎಂದು ನಾನೇ ಕೇಳುತ್ತಿದ್ದೆ.

“ಹಾಕಬೇಕಂದ್ರ ಏನ್ ಬೇಕಾದ್ದು ಹಾಕೂಣ್ರಿ ಸರ. ಜಾಗಾ ಎಲ್ಲೈತಿ ಅದನ್ನ ನೀವ ತೋರಸ್ರಿ.”

ಎದುರು ಮನೆಯ ಅಜ್ಜಿ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕೆ ‘ದೂರ ಏನು?’ ಎಂದು ಕೇಳುತ್ತಾರೆ. ಹೆಲ್ಮೆಟ್ಟು, ಡಬ್ಬಿ, ಕಂಬಳಿ ಸಮೇತ ನಾನು ಗೇಟು ದಾಟಿದಾಗಲೆಲ್ಲ ಅವರು ಕೇಳುತ್ತಿದ್ದರು:

“ದೂರ ಹೊಂಟೀಯೇನಪಾ?”

“ಇಲ್ಬೇ ಅಜ್ಜಿ, ಇಲ್ಲೇ. ಗೋಕುಲ ರೋಡ.”

“ಇಷ್ಟೆಲ್ಲಾ ಕಟಗೊಂಡು?”

ಒಳಗಿನಿಂದ ಹೆಂಡತಿ ದನಿಗೂಡಿಸುತ್ತಿದ್ದಳು: “ಒಲಿ ಒಂದು ಉಳದೈತಿ ನೋಡ್ರಿ. ಅದನ್ನೂ ಹೊತಗೊಂಡು ಹೋಗ್ರಿ.”

ಎಲುಬು ಕೂಡಿತು. ಓಟಕ್ಕೆ ಇನ್ನೂ ವಾರಗಳಿದ್ದವು. ಒಂದು ಸಂಜೆ ಗೆಳೆಯ ತಾನೇ ಗಾಡಿ ಓಡಿಸಿಕೊಂಡು ನಮ್ಮ ಮನೆಗೆ ಬಂದ. ನನ್ನ ಗಾಡಿಯ ಸುತ್ತ ಒಂದು ಸುತ್ತು ಹಾಕಿದ.

“ಇದೇನಲೇ, ಮನಿ ಬದಲಿ ಮಾಡಾಕತ್ತೀಯೇನು?”

“ದೂರದ ದಾರಿ ಅಲಾ. ತಯಾರಿ ಬೇಕು.”

“ನಾಳೆ ಮುಂಜಾನಿ ವರೂರ ತನಕ ಹೋಗಿ ಬರೂಣು.”

“ಚೈನ್ ಬದಲಿ ಮಾಡಸಬೇಕಂತ ಮಾಡೇನಿ.”

“ಹೋದ ವಾರ ಮಾಡಸಿದ್ದಿ. ಫೋಟೋ ಕಳಿಸಿದ್ದಿ ನನಗ.”

ಹೆಂಡತಿ ಚಾ ತಂದಿಟ್ಟಳು. “ಅಣ್ಣಾರ, ಅವರು ಅಂಜ್ಯಾರ್ರಿ,” ಎಂದಳು, ಸಕ್ಕರೆ ಹಾಕಿದೆ ಎಂದು ಹೇಳುವಷ್ಟು ಸಲೀಸಾಗಿ.

ಗೆಳೆಯ ಜೋರಾಗಿ ನಕ್ಕ. “ಏನ್ ವೈನಿ ನೀವು. ಬಿದ್ದಾಂವ ನಾ, ಅಂಜೂದು ಅಂವಾ?”

ನಾನೂ ನಕ್ಕೆ. ನಕ್ಕದ್ದರಿಂದ ಮರುದಿನ ಹೋಗಲೇಬೇಕಾಯಿತು.

ಬೆಳಿಗ್ಗೆ ಅವನು ಮುಂದೆ, ನಾನು ಹಿಂದೆ. ಗಬ್ಬೂರಿನ ಕ್ರಾಸಿನವರೆಗೆ ಹೇಗೋ ಬಂದೆ. ಅಲ್ಲಿ ಹೆದ್ದಾರಿಯ ಮೇಲೆ ಲಾರಿಗಳು ಒಂದರ ಹಿಂದೊಂದು ಹೋಗುವುದು ಕಂಡಿತು. ಬಲಗೈ ತನ್ನ ಕೆಲಸ ಮಾಡಿತು. ಗಾಡಿ ಚಾದ ಅಂಗಡಿಯ ಮುಂದೆ ನಿಂತಿತ್ತಾದ್ದರಿಂದ, ಚಾ ಕುಡಿಯೋಣ ಎಂದು ಕೂಗಿದೆ.

“ಈಗರೆ ಕುಡದು ಬಂದೇವಲ್ಲಲೇ,” ಎನ್ನುತ್ತ ಅವನು ತಿರುಗಿ ಬಂದ. ಚಾ ಬಂದಾಗ ನನ್ನ ಕೈ ನೋಡಿದ. ಕಪ್ಪಿನ ಚಾ ಅರ್ಧ ಬಸಿಯಲ್ಲಿತ್ತು.

“ಖರೇನ ಅಂಜೀಯೇನು?”

“ಹೂಂ.”

“ಯಾಕ? ಏನ್ ನೋಡಿದಿ ನೀ ಅವತ್ತು?”

ಇದನ್ನು ಯಾರೂ ಕೇಳಿರಲಿಲ್ಲ. ಪೊಲೀಸರೂ ಕೇಳಿರಲಿಲ್ಲ, ಪ್ರಕರಣವೇ ಆಗಿರಲಿಲ್ಲ. ನಾನು ಹೇಳಿದೆ. ನನಗೆ ಬರುವುದು ಅದೊಂದೇ. ಮೊಬೈಲ್ ಸ್ಟ್ಯಾಂಡು ಮೊದಲು ತಿರುಗಿದ್ದು, ಮತ್ತೆ ತಿರುಗಿದ್ದು, ಕೆಂಪು ದೀಪ, ಖಡಿ. ಅವಸರ ಮಾಡಲಿಲ್ಲ, ಯಾವುದನ್ನೂ ಬಿಡಲಿಲ್ಲ.

“ತಡಿ,” ಎಂದ. “ಎಮ್ಮಿ ಎಲ್ಲೆ ಬಂತು?”

“ಎಮ್ಮಿ ಇರಲಿಲ್ಲ.”

“ಇಡೀ ಮಾರ್ಕೆಟ್ಟಿಗೆ ಎಮ್ಮಿ ಅಂತ ಹೇಳೇನಲೇ. ನೀನೂ ಹೌದಂದಿ.”

“ಅಂದೆ. ಇರಲಿಲ್ಲ.”

ಆಮೇಲೆ ಲಾರಿಯ ಗಾಲಿ ಹೇಳಿದೆ. ಎಷ್ಟು ಸಮೀಪ ಎಂದು ಕೇಳಿದ. ಬೆಂಚಿನ ಮೇಲೆ ಕೈ ಅಗಲಿಸಿ ಗೇಣು ಹಾಕಿ ತೋರಿಸಿದೆ. ಅವನು ತನ್ನ ಕೈಯನ್ನು ಅದರ ಪಕ್ಕದಲ್ಲಿ ಅಗಲಿಸಿದ. ಅವನ ಕೈ ನನ್ನದಕ್ಕಿಂತ ದೊಡ್ಡದು.

“ನಿನ್ನ ಗೇಣೋ, ನನ್ನ ಗೇಣೋ?”

“ನಂದು.”

ಅವನು ಎರಡೂ ಕೈಗಳನ್ನು ನೋಡಿದ. ಹೆಬ್ಬೆರಳನ್ನು ಸ್ವಲ್ಪ ಒಳಕ್ಕೆ ಎಳೆದುಕೊಂಡು, ಅಳತೆಯನ್ನು ನನ್ನದಕ್ಕೆ ಸರಿ ಮಾಡಿದ. ಅಂಗಡಿಯವನು ಕಪ್ಪು ತೆಗೆಯಲು ಬಂದು, ಇಬ್ಬರು ನರೆಗೂದಲಿನವರು ಬೆಂಚಿಗೆ ಗೇಣು ಹಾಕಿ ಕುಳಿತದ್ದನ್ನು ಕಂಡು, ಕಪ್ಪು ಬಿಟ್ಟು ಹೋದ.

“ಇದನ್ನ ಹೊತಗೊಂಡು ಅಡ್ಡಾಡಾಕತ್ತಿದ್ದೇನಲೇ ನೀ?” ಎಂದ. ಕೈಯನ್ನು ಬೆಂಚಿನಿಂದ ಎತ್ತಿ, “ಈಗ ನನಗೂ ಅಂಜಿಕಿ ಬಂತಲ್ಲೋ ಮಾರಾಯಾ,” ಎಂದ.

ನಾಚಿಕೆ ಬಿಟ್ಟು ಬರೆಯುತ್ತೇನೆ: ಅದನ್ನು ಕೇಳಿ ನನಗೆ ಹಿತವಾಯಿತು. ಬಸಿಯಲ್ಲಿದ್ದ ಚಾವನ್ನು ಒಂದು ಹನಿ ಚೆಲ್ಲದೆ ಕುಡಿದೆ.

“ನೀ ಮುಂದ ನಡಿ,” ಎಂದು ಅವನೇ ಹೇಳಿದ. “ವರೂರ ತನಕ. ನಾ ಹಿಂದ ಬರ್ತೇನಿ. ನಿಲ್ಲಬೇಕಂದ್ರ ಹಾರ್ನ್ ಹೊಡೀತೇನಿ.”

ನಾನು ಮುಂದೆ ನಡೆದೆ. ಮುಂದಿನವನಾಗಿದ್ದರೆ ಬೀಳುವವನು ಕಣ್ಣೆದುರು ಇರುವುದಿಲ್ಲ ಎಂಬುದು ಆಗಲೇ ನನಗೆ ತಿಳಿದದ್ದು. ಲಾರಿಗಳು ದಾಟಿ ಹೋದವು. ಪ್ರತಿ ಲಾರಿಗೂ ಹೆಗಲು ಕಿವಿಯವರೆಗೆ ಏರಿ ಇಳಿಯುತ್ತಿತ್ತು, ಆದರೆ ಗಾಡಿ ಹೋಗುತ್ತಿತ್ತು. ವರೂರ ಬಂತು. ಹಾರ್ನ್ ಬರಲಿಲ್ಲ. ನಾನಾಗಿ ನಿಲ್ಲಿಸೋಣವೆಂದರೆ ರಸ್ತೆಯಂಚಿಗೆ ಇಳಿಯಬೇಕು, ಅಂಚಿನಲ್ಲಿ ಖಡಿ. ಅದಕ್ಕಿಂತ ಮುಂದೆ ಹೋಗುವುದೇ ವಾಸಿ ಅನ್ನಿಸಿತು. ಶಿಗ್ಗಾಂವ ಬಂತು. ಕನ್ನಡಿಯಲ್ಲಿ ಅವನು ಸಣ್ಣಗೆ ಕಾಣುತ್ತಿದ್ದ. ಬಂಕಾಪುರದ ಟೋಲು ದಾಟಿತು. ಕಡೆಗೆ ಹಾವೇರಿಯ ಬಳಿ, ಕಾಂಕ್ರೀಟು ಹಾಕಿದ ಅಗಲ ಬಾಯಿಯ ಪೆಟ್ರೋಲ್ ಬಂಕೊಂದು ಸಿಕ್ಕಿತು. ಇಬ್ಬರೂ ಹೇಳಿಕೊಂಡವರ ಹಾಗೆ ಒಳಗೆ ನುಗ್ಗಿ ನಿಂತೆವು.

“ಯಾಕ ನಿಲ್ಲಸಲಿಲ್ಲಲೇ ವರೂರಾಗ?”

“ನೀ ಹಾರ್ನ್ ಹೊಡೀಲಿಲ್ಲ.”

“ಹಾರ್ನ್ ಹೊಡದ್ರ ನೀ ಖಡಿ ಮ್ಯಾಲ ಇಳೀತಿದ್ದಿ. ಅದನ್ನ ನೋಡಾಕ ನನಗ ಆಗೂದಿಲ್ಲ.”

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಎಲ್ಲಿದ್ದೀರಿ ಎಂದಳು. ಹಾವೇರಿ ಎಂದೆ. “ಇವತ್ತ ಕೋರ್ಟ್ ಐತಿ,” ಎಂದು ಫೋನು ಇಟ್ಟಳು.

ವಾಪಸ್ ಹೋಗಬೇಕಿತ್ತು. ಯಾರು ಮುಂದೆ ಎಂಬುದು ತೀರ್ಮಾನವಾಗಬೇಕಿತ್ತು. ಗೆಳೆಯ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ, “ನೀನ ನಡಿ ಮುಂದ. ನನಗೇನಿಲ್ಲ,” ಎಂದ. ಅವನ ಮುಖ ನೋಡಿದೆ. ದಾರಿಯುದ್ದಕ್ಕೂ ನನ್ನ ಬೆನ್ನು ನೋಡುತ್ತ ಬಂದವನ ಮುಖ ಅದು. ಅಂಥ ಮುಖ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ದಿನವೂ ಗಡ್ಡ ಮಾಡಿಕೊಳ್ಳುವಾಗ ಕಾಣುತ್ತಿದ್ದದ್ದೇ.

“ಬ್ಯಾಡ,” ಎಂದೆ. “ನೀ ಹೋಗು. ನಾ ಹಿಂದ ಬರ್ತೇನಿ.”

ಬಂಕಾಪುರ ದಾಟಿದ ಮೇಲೆ, ಹತ್ತಿಯ ಅಂಡಿಗೆ ಮೂಟೆಗಳನ್ನು ಹೇರಿದ ಲಾರಿಯೊಂದು ನನ್ನನ್ನು ದಾಟಿ ನಮ್ಮಿಬ್ಬರ ನಡುವೆ ಬಂದು ಸೇರಿತು. ಅವನು ಕಾಣದಾದ. ಲಾರಿಯ ಹಿಂಬದಿಯ ಹಗ್ಗಗಳನ್ನೇ ನೋಡುತ್ತ, ಒಂದು ವಿದ್ಯುತ್ ಕಂಬದಿಂದ ಇನ್ನೊಂದು ಕಂಬದವರೆಗೆ ಎಂದು ಹೇಳಿಕೊಳ್ಳುತ್ತ ಹೋದೆ. ಕೈ ಬ್ರೇಕು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಲಾರಿ ಬಲಕ್ಕೆ ಸರಿದು ಅವನನ್ನೂ ದಾಟಿ ಹೋಯಿತು. ಅವನು ಅಲ್ಲಿಯೇ ಇದ್ದ. ಅದೇ ವೇಗ, ಎರಡೂ ಮೊಣಕೈ ಹೊರಚಾಚಿ, ಕೊಡ ಹಿಡಿದವರ ಹಾಗೆ ಬಿಗಿಯಾಗಿ ಕುಳಿತುಕೊಂಡು. ನಾನು ಎಲ್ಲಿಯೂ ನಿಂತಿರಲಿಲ್ಲ. ಗಾಡಿಯ ವೇಗವನ್ನು ಸ್ವಲ್ಪ ಹೆಚ್ಚಿಸಿ, ಅವನ ಕನ್ನಡಿಯಲ್ಲಿ ನಾನು ಕಾಣುವಷ್ಟು ಹತ್ತಿರ ಹೋದೆ.