ಶತ್ರುವಿಗೊಂದು ಎಡೆ

ದೆವ್ವ, ಪ್ರೇತ ಎಂದರೆ ನಕ್ಕುಬಿಡುತ್ತಿದ್ದವಳು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಹೊನ್ನಾವರದ ಮಾವನ ಮನೆಯಲ್ಲಿ ಒಂದು ಮಧ್ಯಾಹ್ನ ಕಂಡದ್ದನ್ನು ಕಂಡಿಲ್ಲವೆನ್ನಲೂ ಆಗದು.

ಅಮ್ಮನ ತಮ್ಮನಾದ ಈ ಮಾವ ಸೈನ್ಯದಲ್ಲಿದ್ದು ಯುದ್ಧ ಮಾಡಿ ಬಂದವನು. ಬರುವಾಗ ಶತ್ರು ಸೈನಿಕನೊಬ್ಬನ ನೀರಿನ ಬಾಟಲಿ ತಂದಿದ್ದ. ಆಮೇಲೆ ಊರಲ್ಲಿ ಮರದ ಕೆತ್ತನೆ ಹಿಡಿದ. ಎಲ್ಲರೂ ಗಣಪತಿ ಕೆತ್ತಿದರೆ ಇವನು ವೀರಗಲ್ಲುಗಳ ಹಾಗೆ ಹಲಗೆ ಕೆತ್ತುತ್ತಿದ್ದ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಪ್ರತಿ ಹಲಗೆಯಲ್ಲೂ ಆ ವೀರ ಬೊಗಸೆಯೊಡ್ಡಿರುತ್ತಿದ್ದ, ಪಕ್ಕದಲ್ಲಿ ಅದೇ ಬಾಟಲಿ. ಕುಮಟೆಯ ಪ್ರದರ್ಶನದಲ್ಲಿ ಜನ ಅವನನ್ನು ನಮ್ಮ ಸೈನಿಕನೆಂದುಕೊಂಡು ಕೈಮುಗಿದು ಹೋದರು. ಮಾವ ತಿದ್ದಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಬಡಿಸಿ, ಅವರು ಉಣ್ಣಲೆಂದು ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂರುವುದು ಆ ಮನೆಯ ರೂಢಿ. ಆ ವರ್ಷ ಮಾವ ಇನ್ನೊಂದು ಎಲೆ ಹಾಕಿ, ಬಾಟಲಿಯಲ್ಲಿ ನೀರು ತುಂಬಿ ಅದರ ಮುಂದಿಟ್ಟ. ಅತ್ತೆಗೆ ಸಿಟ್ಟು ನೆತ್ತಿಗೇರಿತು. ಹೆಸರು ಕುಲ ಗೊತ್ತಿಲ್ಲದ ವೈರಿಯನ್ನು ನಮ್ಮ ಹಿರಿಯರ ಪಂಕ್ತಿಯಲ್ಲಿ ಕೂರಿಸುವುದೇ ಎಂದಳು.

ಮಾವ ನೆಲ ನೋಡುತ್ತ ಹೇಳಿದ: "ಸಾಯೂ ಹೊತ್ತಿಗೆ ಅಂವ ನೀರು ಕೇಳಿದ್ದ. ಬಾಟ್ಲಿ ಅವನ ಸೊಂಟದಲ್ಲೇ ಇತ್ತು. ನಾ ಬಿಚ್ಚಿ ತಕಂಡು ಬಂದೆ, ಕುಡಿಸ್ಲಿಲ್ಲ."

ಅತ್ತೆ ತಾನೇ ಹೋಗಿ ಆ ಎಲೆಗೂ ಪಾಯಸ ಬಡಿಸಿದಳು. ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ್ದು ನಾನು. ಎಡೆಯ ಕೋಣೆಗಿದ್ದದ್ದು ಒಂದೇ ಬಾಗಿಲು, ಅದರೆದುರಿಗೇ ನಾವು ಕೂತಿದ್ದೆವು. ಅಂಗಳದಲ್ಲಿ ಕಾಗೆಗಳ ಗಲಾಟೆ, ಒಳಗಿಂದ ಪಾಯಸದ ಘಮ, ಹೊಟ್ಟೆಯಲ್ಲಿ ಹಸಿವು. ನೆನೆದರೆ ಈಗಲೂ ಆ ಜಗಲಿಗೆ ಹೋಗಿ ಕೂರಬೇಕೆನಿಸುತ್ತದೆ.

ಬಾಗಿಲು ತೆಗೆದಾಗ ಅನ್ನ ಹಾಗೇ ಇತ್ತು. ಮುಚ್ಚಳವೂ ಬಿಗಿಯಾಗೇ ಇತ್ತು. ಬಾಟಲಿ ಎತ್ತಿದರೆ ಹಗುರ! ತಲೆಕೆಳಗು ಮಾಡಿದರೂ ಹನಿ ಬೀಳಲಿಲ್ಲ. ನೆಲದ ಮೇಲೂ ತೇವವಿರಲಿಲ್ಲ. ಮಾವ ಅದನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟ. ನಾನು ಸುಮ್ಮನಿರಬೇಕಲ್ಲ? ಎಲ್ಲೋ ಸೋರಿರಬೇಕೆಂದು ಮತ್ತೆ ನೀರು ತುಂಬಿ ಮರುದಿನದವರೆಗೆ ಇಟ್ಟು ನೋಡಿದೆ. ಸೋರಲಿಲ್ಲ. ಅದಕ್ಕೆ ಕಾರಣ ಇಂದಿಗೂ ನನಗೆ ಹೊಳೆದಿಲ್ಲ. ಮಾವನ ಆಮೇಲಿನ ಹಲಗೆಗಳಲ್ಲಿ ಮಾತ್ರ ವೀರನ ಬೊಗಸೆ ಬಾಯಿಗೆ ತಾಗಿರುತ್ತಿತ್ತು.

ಮುಂದಿನ ವರ್ಷವೂ ಆ ಎಲೆ ಬಿತ್ತು. ಅವನು ಕುಡಿದಾಯಿತಲ್ಲ ಮಾವ, ಇನ್ನೂ ಯಾಕೆ ಎಂದು ಕೇಳಿದೆ. ಮಾವ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು:

"ನಮ್ಮನೆ ನೀರು ಕುಡ್ದವ ಇನ್ನು ಹೊರಗಿನವ ಹ್ಯಾಂಗೆ ಆಗ್ತ?"